ಗುರುಬಸವರಾಜ್ ಡಾಕ್ಟರ ಬಲಗೈ

ಹೊನ್ನಾಳಿಯ ಬಸ್ ಸ್ಟ್ಯಾಂಡಿನಿಂದ ಹೊಳೆಯ ಕಡೆಗೆ ಇಳಿಯುವ ರಸ್ತೆಯಲ್ಲಿ ಗುರುಬಸವರಾಜ್ ಡಾಕ್ಟರ ದವಾಖಾನೆ ಇದೆ. ಬಾಗಿಲು ದಾಟಿದರೆ ಮೊದಲು ಪಡಸಾಲೆ. ಗೋಡೆಯುದ್ದಕ್ಕೂ ಒಂದು ಮರದ ಬೆಂಚು, ಬೆಂಚಿನ ಎದುರಿಗೆ ಒಂದು ಬೆತ್ತದ ಕುರ್ಚಿ. ಒಳಕೋಣೆಯಲ್ಲಿ ರೋಗಿಗಳನ್ನು ನೋಡಿ ಔಷಧ ಬರೆಯುವುದು ಅವರ ಮಗಳು ಡಾಕ್ಟರ್ ಸಂಧ್ಯಾರಾಣಿ. ಬೆತ್ತದ ಕುರ್ಚಿಯಲ್ಲಿ ಕೂರುತ್ತಿದ್ದವರು ಗುರುಬಸವರಾಜ್. ಬಂದವರೆಲ್ಲ ಮೊದಲು ಅವರಿಂದ ಮುಟ್ಟಿಸಿಕೊಳ್ಳಬೇಕು. ಹಣೆ, ಮಣಿಕಟ್ಟು, ನೋವಿರುವ ಜಾಗ. ಆಮೇಲೆ ಉಳಿದದ್ದು.

ಮುಟ್ಟುತ್ತಿದ್ದ ಆ ಬಲಗೈಗೆ ಸ್ಪರ್ಶವೇ ಗೊತ್ತಾಗುತ್ತಿರಲಿಲ್ಲ. ಇದು ತಿಳಿದಿದ್ದದ್ದು ಅವರಿಗೆ, ಹೆಂಡತಿ ಪ್ರಮೀಳಾಗೆ ಮತ್ತು ಮಗಳಿಗೆ ಮಾತ್ರ.

ಮುಟ್ಟಿ ನೋಡುವ ಪದ್ಧತಿ ಶುರುವಾದದ್ದು ನ್ಯಾಮತಿಯಲ್ಲಿ. ಗುರುಬಸವರಾಜರ ತಂದೆ ಶಿವಮೂರ್ತಪ್ಪ ಮೈಸೂರಿನಲ್ಲಿ ಡಾಕ್ಟರಿಕೆ ಓದಿ ಬಂದು, ಐವತ್ತರ ದಶಕದ ಕೊನೆಯಲ್ಲಿ ಅಲ್ಲಿನ ಸಂತೆ ಬೀದಿಯಲ್ಲಿ ಒಂದು ಮಳಿಗೆ ಹಿಡಿದರು. ಸಂತೆಯ ದಿನ ಬೆಂಚು ತುಂಬಿ ಜನ ಜಗಲಿಯ ಮೇಲೂ ಕೂರುತ್ತಿದ್ದರು. ಬಂದ ಸರದಿಯಂತೆ ನೋಡುತ್ತ ಹೋದಾಗ ಒಮ್ಮೆ, ಕೊನೆಯಲ್ಲಿ ಕೂತಿದ್ದ ಮಗುವಿಗೆ ತಾಯಿಯ ಮಡಿಲಲ್ಲೇ ಫಿಟ್ಸ್ ಬಂತು. ಮಗು ಉಳಿಯಿತು. ಅಂದಿನಿಂದ ಶಿವಮೂರ್ತಪ್ಪ ಒಂದು ಕ್ರಮ ಮಾಡಿಕೊಂಡರು. ಬಾಗಿಲು ತೆಗೆದ ಕೂಡಲೇ ಬೆಂಚಿನುದ್ದಕ್ಕೂ ನಡೆದು ಒಬ್ಬೊಬ್ಬರನ್ನೂ ಮುಟ್ಟಿ ನೋಡುವುದು. ಕಾಯುವ ಸ್ಥಿತಿಯಲ್ಲಿ ಇಲ್ಲದವರಿಗೆ ಒಳಬಾಗಿಲು ತೋರಿಸುವುದು. ಕಾಯಬಲ್ಲವರ ಹೆಗಲು ತಟ್ಟಿ ಅಲ್ಲೇ ಬಿಡುವುದು.

ಜನ ಇದನ್ನು ಬೇರೆ ರೀತಿ ತಿಳಿದುಕೊಂಡರು. ಡಾಕ್ಟರು ಹೆಗಲು ತಟ್ಟಿದರು ಎಂದರೆ ಏನೂ ಆಗಿಲ್ಲ, ಹೋಗಬಹುದು. ಹೆಗಲು ತಟ್ಟಿಸಿಕೊಂಡವರು ಸಂತೆ ಮುಗಿಸಿ ನೇರವಾಗಿ ಊರಿಗೆ ಹೋಗತೊಡಗಿದರು. ಶಿವಮೂರ್ತಪ್ಪ ಮೊದಮೊದಲು ಬೈದರು. "ತಟ್ಟಿದ್ದು ಕಾಯ್ರಿ ಅಂತ, ಹೋಗ್ರಿ ಅಂತಲ್ಲ" ಎಂದು ಹೇಳಿ ಹೇಳಿ ಸಾಕಾಗಿ ಬಿಟ್ಟರು. ಬಿಡಲು ಇನ್ನೊಂದು ಕಾರಣವೂ ಇತ್ತು. ಅವರು ಹೆಗಲು ತಟ್ಟುತ್ತಿದ್ದದ್ದೇ ನೆಗಡಿ, ಮೈಕೈ ನೋವು, ತಾನಾಗಿಯೇ ಇಳಿಯುವ ಜ್ವರದವರನ್ನು. ಅಂಥವರು ಔಷಧವಿಲ್ಲದೆಯೂ ಎರಡು ಮೂರು ದಿನದಲ್ಲಿ ಎದ್ದು ಓಡಾಡುತ್ತಿದ್ದರು. ಹೀಗೆ ಆ ಕೈಗೆ ಹೆಸರು ಬಂತು. ನ್ಯಾಮತಿ ಡಾಕ್ಟರ ಕೈಗುಣ ಎಂದು ಸುತ್ತಲ ಹಳ್ಳಿಗಳಲ್ಲಿ ಮಾತಾಯಿತು.

ಗುರುಬಸವರಾಜ್ ದಾವಣಗೆರೆಯಲ್ಲಿ ಎಂಬಿಬಿಎಸ್ ಓದುವಾಗ, ರಜೆಗೆ ಬಂದರೆ ತಂದೆಯ ಹಿಂದೆ ಬೆಂಚಿನುದ್ದಕ್ಕೂ ನಡೆಯುತ್ತಿದ್ದರು. ತಂದೆ ಮುಟ್ಟಿದ ಹಣೆಯನ್ನೇ ಮುಟ್ಟಿ ಜ್ವರ ಎಷ್ಟಿದೆ ಎಂದು ಹೇಳಬೇಕು. ಆಮೇಲೆ ಥರ್ಮಾಮೀಟರ್ ಇಟ್ಟು ತಾಳೆ ನೋಡುತ್ತಿದ್ದರು. ಕೈಗುಣ ಎಂಬುದನ್ನು ಗುರುಬಸವರಾಜ್ ಎಂದೂ ನಂಬಲಿಲ್ಲ. ಆದರೆ ಕೈಯನ್ನು ನಂಬಿದರು. ಬೆರಳು ಚರ್ಮದ ಬಿಸಿ, ಬೆವರು, ನಾಡಿಯ ಓಟ ಮೂರನ್ನೂ ಒಟ್ಟಿಗೆ ಹೇಳುತ್ತದೆ, ಯಾವ ಯಂತ್ರವೂ ಅಷ್ಟು ಬೇಗ ಹೇಳುವುದಿಲ್ಲ ಎನ್ನುತ್ತಿದ್ದರು.

ಎಂಬತ್ತರ ದಶಕದಲ್ಲಿ ಅವರು ಹೊನ್ನಾಳಿಯಲ್ಲಿ ಈ ದವಾಖಾನೆ ತೆರೆದರು. ತಂದೆ ತೀರಿಕೊಂಡ ಮೇಲೆ ನ್ಯಾಮತಿಯ ಬೆಂಚನ್ನು ಲಾರಿಯಲ್ಲಿ ಹೊನ್ನಾಳಿಗೆ ತರಿಸಿದರು. ಅಲ್ಲಿನವರು ಕರೆದದ್ದರಿಂದ ವಾರಕ್ಕೊಂದು ದಿನ ಬಸವಾಪಟ್ಟಣಕ್ಕೆ ರೋಗಿಗಳನ್ನು ನೋಡಲು ಹೋಗುವುದು ರೂಢಿಯಾಯಿತು. ಜಗಳೂರಿಗೆ ಮಾತ್ರ ಯಾರೂ ಕರೆದಿರಲಿಲ್ಲ. ಅದು ಪ್ರಮೀಳಾರ ತವರು. ಅಳಿಯ ಡಾಕ್ಟರು ಬಂದಿದ್ದಾರೆ ಎಂದು ಮಾವನ ಮನೆಯ ಕಟ್ಟೆಯ ಮೇಲೆ ಜನ ಸೇರುತ್ತಿದ್ದರು. ಹಬ್ಬದ ಊಟಕ್ಕೆ ಹೋದವರು ಮಧ್ಯಾಹ್ನದವರೆಗೂ ಕಟ್ಟೆಯ ಮೇಲೆ ಹಣೆ ಮುಟ್ಟುತ್ತ ಕೂರುವಂತಾಯಿತು. ಕೊನೆಗೆ ತಿಂಗಳಿಗೊಂದು ಭಾನುವಾರ ಅಲ್ಲಿ ಕೂರುವುದೆಂದು ಅವರೇ ತೀರ್ಮಾನಿಸಿದರು. "ತವರಿಗೆ ಹೋಗೋ ನೆಪ ನನಗೆ, ಹೋಗೋ ಕೆಲಸ ಇವ್ರಿಗೆ" ಎಂದು ಪ್ರಮೀಳಾ ನಗುತ್ತಿದ್ದರು. ಬಿಳಿಚೋಡಿನ ಕುರಿ ಸಾಕುವ ಉಚ್ಚಂಗೆಪ್ಪ ಪರಿಚಯವಾದದ್ದು ಆ ಕಟ್ಟೆಯ ಮೇಲೆ. ಆಗಿನಿಂದ ಆತ ಬೇರೆ ಡಾಕ್ಟರ ಹತ್ತಿರ ಹೋದವನಲ್ಲ.

ಸಂಧ್ಯಾರಾಣಿ ಎಂ.ಡಿ. ಮುಗಿಸಿ ಚನ್ನಗಿರಿಗೆ ಸೊಸೆಯಾಗಿ ಹೋದರು. ಬೆಳಿಗ್ಗೆ ಹೊನ್ನಾಳಿ, ಸಂಜೆ ಚನ್ನಗಿರಿಯಲ್ಲಿ ಅವರದೇ ದವಾಖಾನೆ. ಅವರು ಒಳಗೆ ಕೂತ ಮೇಲೆ ತಂದೆ ಕುರ್ಚಿಯನ್ನು ಪಡಸಾಲೆಗೆ ಹಾಕಿಸಿಕೊಂಡರು. ಶಿವಮೂರ್ತಪ್ಪ ನಡೆಯುತ್ತ ಮಾಡಿದ್ದನ್ನು ಅವರು ಕೂತು ಮಾಡಿದರು. ಜನರೇ ಸರದಿಯಲ್ಲಿ ಬಂದು ಮುಂದೆ ನಿಲ್ಲುತ್ತಿದ್ದರು.

ಎರಡು ವರ್ಷದ ಹಿಂದೆ, ಕಾರ್ತಿಕದಲ್ಲಿ, ಒಂದು ಬೆಳಿಗ್ಗೆ ಗುರುಬಸವರಾಜರ ಬಲಗಡೆಯ ಕೆನ್ನೆ, ಕೈ, ಕಾಲು ಒಮ್ಮೆಲೇ ಮರಗಟ್ಟಿದವು. ಮಿದುಳಿನಲ್ಲಿ ಸ್ಪರ್ಶದ ಸುದ್ದಿ ಹಾದುಹೋಗುವ ಒಂದು ಚಿಕ್ಕ ಜಾಗಕ್ಕೆ ರಕ್ತ ನಿಂತಿತ್ತು. ಕಡಲೆಕಾಳಿನಷ್ಟು ಜಾಗ. ಶಕ್ತಿ ಹೋಗಲಿಲ್ಲ. ಮಾತು ತೊದಲಲಿಲ್ಲ. ಕೆಲವು ವಾರಗಳಲ್ಲಿ ಕೆನ್ನೆ ಮತ್ತು ಕಾಲು ಸರಿಹೋದವು. ಕೈ ಹಾಗೆಯೇ ಉಳಿಯಿತು. ಕಣ್ಣಿಟ್ಟು ನೋಡುತ್ತಿದ್ದರೆ ಗುಂಡಿ ಹಾಕಿಕೊಳ್ಳಬಹುದು, ಪೆನ್ನು ಹಿಡಿಯಬಹುದು. ಕಣ್ಣು ಮುಚ್ಚಿದರೆ ಕೈಯಲ್ಲಿರುವುದು ಪೆನ್ನೋ ಬೀಗದ ಕೈಯೋ ಗೊತ್ತಾಗದು.

ಒಂದು ದಿನ ಅವರು ಸ್ಟೀಲ್ ಲೋಟದಲ್ಲಿ ಟೀ ಹಿಡಿದು ಪೇಪರ್ ಓದುತ್ತಿದ್ದರು. ಪ್ರಮೀಳಾ ಬಂದು ಲೋಟ ಕಿತ್ತುಕೊಂಡರು.

"ಏನ್ರೀ, ಬೆರಳು ನೋಡ್ಕಳ್ರಿ."

ನಾಲ್ಕು ಬೆರಳಿನ ಮೇಲೂ ಬೊಬ್ಬೆ ಎದ್ದಿತ್ತು. ಅವರು ಬೆರಳುಗಳನ್ನು ಬೇರೆ ಯಾರದೋ ಎಂಬಂತೆ ತಿರುಗಿಸಿ ನೋಡಿದರು. "ಟೀ ಚೆನ್ನಾಗಿತ್ತು" ಎಂದರು.

ಕುರ್ಚಿಗೆ ಮರಳಿದ ಮೊದಲ ದಿನ ಅವರು ಎಡಗೈ ಬಳಸಿ ನೋಡಿದರು. ಎದುರಿಗೆ ನಿಂತಿದ್ದವಳು ಸೊಪ್ಪು ಮಾರುವ ದ್ಯಾಮಮ್ಮ. ಎಡಗೈ ಹಣೆಯ ಹತ್ತಿರ ಬಂದದ್ದೇ ತಲೆ ಹಿಂದಕ್ಕೆ ಎಳೆದುಕೊಂಡಳು.

"ಎಡಗೈ ಯಾಕ್ರೀ ಡಾಕ್ಟ್ರೆ? ನಾನೇನು ಕೇಡು ಬಗ್ದೀನಿ ನಿಮ್ಗೆ?"

ಚೀಟಿ ಕೊಟ್ಟು ಹೆಸರು ಕೂಗುವ ಜಂಪಣ್ಣ ಮೂಲೆಯಿಂದ ಹೇಳಿದ. "ಅಜ್ಜಿ, ಕೈ ಯಾವ್ದಾದ್ರೇನು, ಒಳಗೆ ಕೊಡೋ ಗುಳಿಗಿ ಅದೇ."

"ನಿನ್ ಹೆಂಡ್ತಿ ಎಡಗೈಲಿ ಬಡಿಸ್ತಾಳೇನೋ ನಿಂಗೆ? ಅದಕ್ಕೇ ಹಿಂಗಿದೀಯ."

ಬೆಂಚು ನಕ್ಕಿತು. ಗುರುಬಸವರಾಜ್ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಬಲಗೈಯಿಂದ ಅವಳ ಹಣೆ ಮುಟ್ಟಿದರು. ದ್ಯಾಮಮ್ಮ ಕಣ್ಣು ಮುಚ್ಚಿ ನಿಂತಳು. ಅವಳಿಗೆ ಸಮಾಧಾನವಾಯಿತು. ಅವರಿಗೆ ಏನೂ ತಿಳಿಯಲಿಲ್ಲ.

ಆ ಮಧ್ಯಾಹ್ನ ಊಟದ ಹೊತ್ತಿಗೆ ಸಂಧ್ಯಾರಾಣಿ ಮಾತು ತೆಗೆದರು.

"ಅಪ್ಪಾಜಿ, ಹೇಳಿಬಿಡೋಣ. ಕೈಗೆ ಹಿಂಗಾಗೈತೆ ಅಂತ."

"ಹೇಳಿ?"

"ಹೇಳಿ ನನ್ನ ಜೊತೆ ಒಳಗೆ ಕೂತ್ಕೊಳ್ರಿ."

"ಒಳಗೆ ಕೂತು ಏನ್ ಮಾಡ್ಲಿ? ನೀನು ರೋಗಿ ನೋಡ್ತೀಯ, ನಾನು ನಿನ್ನ ನೋಡ್ತೀನಿ."

ಸಂಧ್ಯಾರಾಣಿ ತಟ್ಟೆಯ ಕಡೆ ನೋಡಿದರು. ಕೈ ಹೋಯಿತೆಂದು ಗೊತ್ತಾದ ದಿನವೇ ಆ ಕುರ್ಚಿಯೂ ಹೋಗುತ್ತದೆ, ಕುರ್ಚಿ ಹೋದರೆ ಬೆಳಿಗ್ಗೆ ಎದ್ದು ಅವರು ಹೋಗುವ ಜಾಗವಿಲ್ಲ ಎಂಬುದು ಇಬ್ಬರಿಗೂ ತಿಳಿದಿತ್ತು. ಕೊನೆಗೆ ಮಗಳೇ ಒಂದು ಷರತ್ತು ಹಾಕಿದರು. ಮುಟ್ಟಲಿ. ಆದರೆ ಯಾರ ಹೆಗಲನ್ನೂ ತಟ್ಟಬಾರದು. ಎಲ್ಲರಿಗೂ ಒಳಬಾಗಿಲನ್ನೇ ತೋರಿಸಬೇಕು. ಅವರು ಒಪ್ಪಿದರು.

ಷರತ್ತು ಮಳೆಗಾಲದ ತನಕ ನಡೆಯಿತು. ಜ್ವರದ ದಿನಗಳು ಬಂದಾಗ ಒಳಬಾಗಿಲಿನ ಸಾಲು ರಸ್ತೆಗೆ ಬಂತು. "ಎಲ್ಲಾರ್ನೂ ಒಳಗೇ ಕಳ್ಸೋದಾದ್ರೆ ಬೆಂಚ್ ಯಾಕ್ರೀ ಡಾಕ್ಟ್ರೆ, ಮಾರಿಬಿಡಾನ" ಎಂದ ಜಂಪಣ್ಣ. ಅದು ತಮಾಷೆ. ಆದರೆ ಸೊಪ್ಪು ಮಾರುವವರ ಸಾಲಿನಲ್ಲಿ ದ್ಯಾಮಮ್ಮ ಹಬ್ಬಿಸಿದ್ದು ತಮಾಷೆಯಾಗಿರಲಿಲ್ಲ. ಡಾಕ್ಟರು ಒಬ್ಬರ ಹೆಗಲೂ ತಟ್ಟುತ್ತಿಲ್ಲ, ಊರಿಗೆ ಏನೋ ಕೆಟ್ಟ ಕಾಯಿಲೆ ಬಂದಿದೆ, ಹೇಳದೆ ಮುಚ್ಚಿಟ್ಟಿದ್ದಾರೆ. ಎರಡೇ ದಿನದಲ್ಲಿ ಶಾಲೆಗೆ ಮಕ್ಕಳನ್ನು ಕಳಿಸದ ಮನೆಗಳಾದವು.

ಮರುದಿನ ಗುರುಬಸವರಾಜ್ ಒಬ್ಬನ ಹೆಗಲು ತಟ್ಟಿದರು. ಸಾಮಾನ್ಯ ನೆಗಡಿ, ನೋಡಿದರೇ ಗೊತ್ತಾಗುವಂಥದ್ದು. ಆಮೇಲೆ ಇನ್ನೊಬ್ಬರ ಹೆಗಲು. ಕಣ್ಣಿನ ಬಣ್ಣ, ನಾಲಿಗೆ, ಉಸಿರಾಟ, ನಡೆದು ಬರುವ ರೀತಿ, ಇಷ್ಟನ್ನು ನೋಡಿದರೆ ಬಹಳಷ್ಟು ತಿಳಿಯುತ್ತದೆ. ಅವರು ಹಾಗೆ ಅಂದಾಜು ಮಾಡಿ, ಕೈಯನ್ನು ಹಣೆಗೆ ಇಟ್ಟು ತೆಗೆಯುತ್ತಿದ್ದರು. ತಪ್ಪಾಗಲಿಲ್ಲ. ತಿಂಗಳುಗಳು ಹೋದವು. ಸಂಧ್ಯಾರಾಣಿಗೆ ಇದು ಗೊತ್ತಾಯಿತು, ಕೇಳಲಿಲ್ಲ. ಸಾಲು ರಸ್ತೆಯಿಂದ ಒಳಗೆ ಸರಿದಿತ್ತು.

ಉಚ್ಚಂಗೆಪ್ಪ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಡಾಕ್ಟರು ಜಗಳೂರಿಗೆ ಬರುವುದು ನಿಂತ ಮೇಲೆ ಆತನೇ ಬಿಳಿಚೋಡಿನಿಂದ ದಾವಣಗೆರೆಗೆ ಬಂದು, ಬಸ್ ಬದಲಾಯಿಸಿ ಹೊನ್ನಾಳಿಗೆ ಬರುತ್ತಿದ್ದ. ಸಕ್ಕರೆ ಕಾಯಿಲೆ ಇತ್ತು. ಬೀಡಿ ಬಿಟ್ಟಿರಲಿಲ್ಲ.

"ಎಡಗಾಲು ಜೋಮು ಹಿಡ್ದಂಗ್ ಆಗ್ತೈತೆ ಸಾಮಿ. ನಿನ್ನೆಯಿಂದ ನೋವೂ ಬಾಳ. ಕುರಿ ಹಿಂದೆ ಹೋಗಾಕೇ ಆಗವಲ್ದು."

"ಗಾಯ ಏನಾದ್ರೂ ಆಗೈತಾ?"

"ಏನಿಲ್ಲ. ನೋಡ್ರಿ ನೀವೇ."

ಚಪ್ಪಲಿ ಬಿಟ್ಟು ಪಾದ ಮುಂದಿಟ್ಟ. ದಾರಿಯ ಧೂಳು ಹಿಮ್ಮಡಿಯಿಂದ ಕಣಕಾಲಿನವರೆಗೆ ಹತ್ತಿತ್ತು. ಗಾಯವಿರಲಿಲ್ಲ, ಬಾವೂ ಇರಲಿಲ್ಲ. ಗುರುಬಸವರಾಜ್ ಬಗ್ಗಿ ಬಲಗೈಯನ್ನು ಪಾದದ ಮೇಲಿಟ್ಟರು. ಪಾದ ತಣ್ಣಗಿತ್ತು. ರಕ್ತನಾಳ ಕಟ್ಟಿದ ಕಾಲು ಹಾಗೆಯೇ ಇರುತ್ತದೆ, ಇನ್ನೊಂದು ಕಾಲಿಗಿಂತ ತಣ್ಣಗೆ, ನಾಡಿಯಿಲ್ಲದೆ. ಧೂಳು ಹತ್ತಿದ ಕಪ್ಪು ಚರ್ಮದ ಮೇಲೆ ಅದು ಕಣ್ಣಿಗೆ ಕಾಣುವುದಿಲ್ಲ. ಮುಟ್ಟಿದವರಿಗೆ ಮಾತ್ರ ತಿಳಿಯುತ್ತದೆ.

ಸಕ್ಕರೆಯವರಿಗೆ ಜೋಮು ಇದ್ದದ್ದೇ ಎಂದುಕೊಂಡು ಅವರು ಆತನ ಹೆಗಲು ತಟ್ಟಿದರು. ಸ್ವಲ್ಪ ಕಾದು ಮಗಳ ಹತ್ತಿರ ಹೋಗಲಿ ಎಂದೇ ತಟ್ಟಿದ್ದು. ಉಚ್ಚಂಗೆಪ್ಪ ಕೈಮುಗಿದು, ಚಪ್ಪಲಿ ಮೆಟ್ಟಿ, ಟವಲನ್ನು ಹೆಗಲಿಗೆ ಹಾಕಿಕೊಂಡು ದಾವಣಗೆರೆ ಬಸ್ ಹತ್ತಿದ. ಜಂಪಣ್ಣ ಆತನ ಹೆಸರು ಕೂಗಿದಾಗ ಬೆಂಚಿನಿಂದ ಯಾರೂ ಏಳಲಿಲ್ಲ.

ತಿಂಗಳಾದ ಮೇಲೆ ಆತನ ಮಗ ಪರಶುರಾಮ್ ಬಂದ. ಇನ್ಸುಲಿನ್ ಎಷ್ಟು ಹಾಕಬೇಕೆಂದು ಸಂಧ್ಯಾರಾಣಿಯನ್ನು ಕೇಳಬೇಕಿತ್ತು. ಪಡಸಾಲೆಯಲ್ಲಿ ದೊಡ್ಡ ಡಾಕ್ಟರನ್ನು ಕಂಡು ನಿಂತ.

"ಅಪ್ಪಂಗೆ ಕಾಲು ತೆಗೆದ್ರು ಸಾರ್. ಎಡಗಾಲು, ಮೊಣಕಾಲಿನ ಕೆಳಗೆ. ದಾವಣಗೆರೆಯಾಗೆ."

ಗುರುಬಸವರಾಜ್ ಬೆಂಚಿನ ಕಡೆ ಕೈ ತೋರಿಸಿದರು. ಅವನು ಕೂರಲಿಲ್ಲ.

"ತಡ ಆಗೈತೆ ಅಂದ್ರು ಅಲ್ಲಿ ಡಾಕ್ಟ್ರು. ತಡ ಎಲ್ಲಾಯ್ತು ಸಾರ್? ನೀವು ನೋಡಿದಾಗ ಚೆನ್ನಾಗೇ ಇತ್ತಲ್ಲ, ಹೆಗಲು ತಟ್ಟಿ ಕಳ್ಸಿದ್ರಂತೆ. ವಾಪಸ್ ಬರೋವಾಗ ಬಸ್ನಾಗೆ ಏನೋ ಆಗೈತೆ. ಬ್ರೇಕ್ ಹಾಕ್ದಾಗ ಮುಂದಿನ ಸೀಟಿನ ಕಂಬಿಗೆ ಕಾಲು ತಾಕ್ತಂತೆ. ಅವತ್ತಿಂದ್ಲೇ ಕಪ್ಪಾಗಾಕೆ ಹತ್ತಿದ್ದು."

ಒಳಬಾಗಿಲಿನಲ್ಲಿ ಸಂಧ್ಯಾರಾಣಿ ನಿಂತಿದ್ದರು. ಅವರು ತಂದೆಯನ್ನು ನೋಡಿದರು. ತಂದೆ ಪರಶುರಾಮನನ್ನು ನೋಡುತ್ತಿದ್ದರು. "ಒಳಗೆ ಹೋಗಪ್ಪ" ಎಂದರು.

ಆ ದಿನ ಅವರು ಊಟ ಮಾಡಿದರು. ಅನ್ನಕ್ಕೆ ಎರಡನೇ ಸಲ ಸಾರು ಹಾಕಿಸಿಕೊಂಡರು. ಸಂಜೆ ಹೊಳೆಯ ಸೇತುವೆಯವರೆಗೆ ನಡೆದು ಬಂದರು. ನಿದ್ದೆಯೂ ಬಂತು. ತನಗೆ ಏನಾದರೂ ಆಗಬೇಕಿತ್ತು ಎಂದು ಅವರಿಗೆ ಅನ್ನಿಸುತ್ತಿತ್ತು. ಎದೆ ಹಿಡಿದಂತಾಗಬೇಕಿತ್ತು, ಇಲ್ಲವೇ ಅಳು ಬರಬೇಕಿತ್ತು. ಯಾವುದೂ ಬರಲಿಲ್ಲ. ಹೆಂಡತಿಗೆ ಒಮ್ಮೆ ಹೇಳಿದರು: "ಏನೂ ಅನ್ನಿಸ್ತಿಲ್ಲ ನೋಡು ನನಗೆ." ಪ್ರಮೀಳಾ ಮಜ್ಜಿಗೆ ಕಡೆಯುವುದನ್ನು ನಿಲ್ಲಿಸಿ, ಮತ್ತೆ ಕಡೆಯಲು ಶುರು ಮಾಡಿದರು.

"ಕುರ್ಚಿ ಒಳಗೆ ತಗೊಳ್ಳೋಣ ಅಪ್ಪಾಜಿ" ಎಂದರು ಸಂಧ್ಯಾರಾಣಿ.

"ತಗೊಳ್ಳಮ್ಮ."

ಆದರೆ ಮರುದಿನ ಬೆಳಿಗ್ಗೆ ಕುರ್ಚಿ ಅಲ್ಲೇ ಇತ್ತು. ಯಾರೂ ಅದನ್ನು ಎತ್ತಿರಲಿಲ್ಲ. ಅವರು ಬಂದು ಕೂತರು. ಜನ ಬಂದು ನಿಂತರು. ಎಲ್ಲರಿಗೂ ಒಳಬಾಗಿಲು ತೋರಿಸಿದರು. ಹೀಗೆ ಬೇಸಿಗೆ ಬಂತು. ಪರಶುರಾಮನಿಗೆ ಹೇಳಬೇಕಾದ ಮಾತು ಹೇಳದೆಯೇ ಉಳಿದಿತ್ತು. ಯಾರೂ ಕೇಳಲೂ ಇಲ್ಲ.

ಯುಗಾದಿ ಮುಗಿದ ವಾರ ರಸ್ತೆಯಲ್ಲಿ ಒಂದು ಹಳೆಯ ಓಮ್ನಿ ಬಂದು ನಿಂತಿತು. ಉಚ್ಚಂಗೆಪ್ಪ ಊರುಗೋಲಿನ ಮೇಲೆ ಇಳಿದ. ಹಿಂದೆ ಅವನ ಹೆಂಡತಿ ಕಾಟಮ್ಮ. ಬೆಂಚಿನವರು ಸರಿದು ಜಾಗ ಕೊಟ್ಟರು. ದ್ಯಾಮಮ್ಮನೂ ಅಲ್ಲಿದ್ದಳು. ಉಚ್ಚಂಗೆಪ್ಪ ಕೂತು ಉಸಿರು ಬಿಟ್ಟ.

"ಬಲಗಾಲು ಒಂದೀಟು ಮುಟ್ಟಿಬಿಡ್ರಿ ಸಾಮಿ" ಎಂದಳು ಕಾಟಮ್ಮ. "ಇದೂ ಜೋಮು ಅಂತಾನೆ. ಈ ಸಲ ಬಸ್ನಾಗೆ ಬಂದಿಲ್ಲ ನಾವು. ಗಾಡಿ ಮಾಡ್ಕಂಡು ಬಂದೀವಿ. ನೀವು ಮುಟ್ಟಿದ ಮ್ಯಾಲೆ ದಾರಿಯಾಗೆ ಏನೂ ಆಗಬಾರ್ದು ಅಂತ."

ಉಚ್ಚಂಗೆಪ್ಪ ಉಳಿದ ಪಾದವನ್ನು ಚಪ್ಪಲಿಯಿಂದ ಹೊರಗೆಳೆದು ಮುಂದಿಟ್ಟ. ಗುರುಬಸವರಾಜರ ಬಲಗೈ ಅಭ್ಯಾಸದಿಂದ ಅರ್ಧ ದಾರಿ ಹೋಗಿ ನಿಂತಿತು.

"ಈ ಕೈಗೆ ಏನೂ ಗೊತ್ತಾಗಲ್ಲ ಉಚ್ಚಂಗೆಪ್ಪ."

"ಹೆಂಗೆ?"

"ಮುಟ್ಟಿದ್ದು ಗೊತ್ತಾಗಲ್ಲ. ಬಿಸಿ, ತಣ್ಣಗೆ ಏನೂ. ಹೋದ ವರ್ಷದ ಹಿಂದಿನ ಕಾರ್ತಿಕದಿಂದ."

ಚೀಟಿ ಬರೆಯುತ್ತಿದ್ದ ಜಂಪಣ್ಣನ ಕೈ ನಿಂತಿತು.

"ನೀನು ಬಂದ ದಿನ ನಿನ್ನ ಪಾದ ತಣ್ಣಗೇ ಇದ್ದಿರ್ಬೇಕು. ನನಗೆ ಗೊತ್ತಾಗ್ಲಿಲ್ಲ. ಗೊತ್ತಾಗಿದ್ರೆ ಅವತ್ತೇ ದಾವಣಗೆರೆಗೆ ಕಳಿಸ್ತಿದ್ದೆ. ಕಾಲು ಉಳೀತಿತ್ತೇನೋ. ಬಸ್ಸಿನಾಗೆ ಏನೂ ಆಗಿಲ್ಲ."

ಉಚ್ಚಂಗೆಪ್ಪ ಅವರ ಮುಖ ನೋಡಿದ. ಕೈ ನೋಡಿದ.

"ಬಸ್ನಾಗೆ ಆಗಿದ್ದಲ್ಲ."

"ಅಲ್ಲ."

"ಆ ಡ್ರೈವರ್‌ಗೆ ಬಾಯಿಗೆ ಬಂದಂಗೆ ಬೈದ್ನಲ್ಲ ನಾನು."

ಕಾಟಮ್ಮ ಎದ್ದು ನಿಂತಳು. "ಏಳು, ಹೋಗಾನ" ಎಂದಳು ಗಂಡನಿಗೆ. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ನಾವು ಇವ್ರನ್ನ ದೇವ್ರು ಅನ್ಕಂಡಿದ್ವಿ."

"ಕುಂದ್ರು ನೀನು" ಎಂದ ಉಚ್ಚಂಗೆಪ್ಪ. ಆತ ಪಾದವನ್ನು ಹಿಂದಕ್ಕೆ ಎಳೆದುಕೊಂಡಿರಲಿಲ್ಲ. ನೆಲ ನೋಡುತ್ತಲೇ ಕೇಳಿದ. "ಆ ಇನ್ನೊಂದು ಕೈ?"

"ಅದಕ್ಕೆ ಗೊತ್ತಾಗತ್ತೆ."

"ಹಂಗಾರೆ ಅದ್ರಾಗೆ ನೋಡ್ರಿ. ಇರೋದು ಒಂದೇ ಕಾಲು."

ಗುರುಬಸವರಾಜ್ ಕುರ್ಚಿ ಬಿಟ್ಟು ನೆಲಕ್ಕೆ ಕೂತರು. ಎಡಗೈಯ ಬೆರಳುಗಳನ್ನು ಪಾದದ ಮೇಲಿಟ್ಟರು. ಕಾಲ್ಬೆರಳ ತುದಿಗಳು ತಂಪಾಗಿದ್ದವು. ಅಂಗಾಲು ಬೆಚ್ಚಗಿತ್ತು. ಪಾದದ ಮೇಲಿನ ನಾಡಿ ಸಿಗಲಿಲ್ಲ. ಕಣಕಾಲಿನ ಒಳಗಂಟಿನ ಹಿಂದೆ ಬೆರಳು ಒತ್ತಿ ಹುಡುಕಿದರು. ಎಡಗೈಗೆ ಅಭ್ಯಾಸವಿರಲಿಲ್ಲ, ಬಹಳ ಹೊತ್ತು ಬೇಕಾಯಿತು. ಕೊನೆಗೆ ಸಿಕ್ಕಿತು. ಸಣ್ಣಗೆ, ದೂರದಲ್ಲಿ ಯಾರೋ ಬಾಗಿಲು ಬಡಿದ ಹಾಗೆ.

"ಐತೆ" ಎಂದರು. "ಕಮ್ಮಿ ಐತೆ. ಇವತ್ತೇ ತೋರಿಸ್ಬೇಕು. ಬೀಡಿ ಇವತ್ತಿಂದ ಬಿಡ್ಬೇಕು."

ಒಳಬಾಗಿಲು ತೋರಿಸಿದರು. ಉಚ್ಚಂಗೆಪ್ಪ ಊರುಗೋಲು ಹಿಡಿದು ಎದ್ದ. ಕೈಮುಗಿಯಲಿಲ್ಲ. ಕಾಟಮ್ಮ ಅವರ ಕಡೆ ನೋಡದೆ ಗಂಡನ ಹಿಂದೆ ಹೋದಳು. ಒಳಗಿನಿಂದ ಸಂಧ್ಯಾರಾಣಿ ದಾವಣಗೆರೆಗೆ ಫೋನ್ ಮಾಡಿ ಹಾಸಿಗೆ ಇದೆಯೇ ಎಂದು ಕೇಳುತ್ತಿದ್ದದ್ದು ಪಡಸಾಲೆಗೆ ಕೇಳಿಸಿತು.

ಗುರುಬಸವರಾಜ್ ಎದ್ದು ಕುರ್ಚಿಯಲ್ಲಿ ಕೂತರು. ಮುಂದಿನ ಸರದಿ ದ್ಯಾಮಮ್ಮನದು. ಅವಳು ಎದ್ದು ಬಂದು ಎದುರಿಗೆ ನಿಂತಳು. ತೊಡೆಯ ಮೇಲಿದ್ದ ಎರಡು ಕೈಗಳನ್ನೂ ನೋಡಿದಳು.

"ನಾನು ಕಾಯ್ತೀನಿ ಡಾಕ್ಟ್ರೆ" ಎಂದಳು. "ಒಳಗೇ ತೋರಿಸ್ತೀನಿ."

ಹೋಗಿ ಮೊದಲಿನ ಜಾಗದಲ್ಲೇ ಕೂತಳು. ಅವಳ ಹಿಂದಿನವರೂ ಏಳಲಿಲ್ಲ. ಜಂಪಣ್ಣ ಚೀಟಿಗಳನ್ನು ಕೈಯಲ್ಲಿ ಹಿಡಿದುಕೊಂಡು ಒಬ್ಬೊಬ್ಬರದೇ ಹೆಸರನ್ನು ಮೆಲ್ಲಗೆ ಕೂಗತೊಡಗಿದ. ಕರೆದವರು ಕುರ್ಚಿಯನ್ನು ಸುತ್ತುಹಾಕಿ ಒಳಗೆ ಹೋದರು.

ಹತ್ತೂವರೆಗೆ ಎಂದಿನಂತೆ ಪ್ರಮೀಳಾ ಟೀ ತಂದರು. ಗುರುಬಸವರಾಜ್ ಲೋಟವನ್ನು ಎಡಗೈಯಲ್ಲಿ ತೆಗೆದುಕೊಂಡರು. ಬಿಸಿಯಿತ್ತು. ಅಂಚು ಹಿಡಿದು, ಆರುವವರೆಗೆ ಕಾದು, ಕುಡಿದರು.